ಅಂದಾಜು

ಹಿಟ್ಟು ನಾದುತ್ತ ನಾದುತ್ತ ಹುಡುಗಿ ಕೇಳಿದಳು:
ಹದ ಬಂತೆಂದು ಹೇಗೆ ಗೊತ್ತಾಗುತ್ತೆ, ತ್ಸಿಯಾಲಾ ಚಿಕ್ಕಮ್ಮ?
ಗೊತ್ತಾಗುತ್ತೆ, ಅಂದೆ.
ಆ ಒಂದು ಮಾತನ್ನು ಎರಡನೇ ಸಲ ಕಲಿಯಲು
ಎಷ್ಟು ಚಳಿಗಾಲ ಹಿಡಿಯಿತೆಂದು ಹೇಳಲಿಲ್ಲ.

ಬತುಮಿಯಲ್ಲಿ, ಬಂದರಿನ ಹಿಂದಿನ ಓಣಿಯಲ್ಲಿ,
ನನ್ನ ಕೈಗೆ ಕಣ್ಣಿತ್ತು.
ತೋನೆ ಒಲೆಯ ಬಾಯಿಗೆ ತೋಳು ಇಳಿಸಿ
ರೋಮ ಚುರ್ರೆನ್ನುವ ಮೊದಲೇ ಹೇಳುತ್ತಿದ್ದೆ: ಈಗ.
ಉಪ್ಪು ಅಳೆದವಳಲ್ಲ, ಗಡಿಯಾರ ನೋಡಿದವಳಲ್ಲ.
ಕಡಲ ಗಾಳಿ ತೇವವಾಗಿದ್ದ ದಿನ
ಬೋಗುಣಿಗೆ ನೀರು ತಾನಾಗಿಯೇ ಒಂದು ಬೊಗಸೆ ಕಡಿಮೆ ಬೀಳುತ್ತಿತ್ತು.
ದೇವರು ಕೊಟ್ಟ ಕೈ, ಅನ್ನುತ್ತಿದ್ದರು ಹಡಗಿನವರು.
ನಂಬಿದ್ದೆ.
ಕೈ ನನ್ನದು, ಹೋದಲ್ಲಿಗೆ ಬರುತ್ತದೆ ಅಂದುಕೊಂಡಿದ್ದೆ.

ಜಾನ್ಸುಗನ ಕೈಹಿಡಿದು ಉಷ್ಗುಲಿಗೆ ಬಂದೆ,
ಎರಡು ಸಾವಿರ ಮೀಟರು ಮೇಲಕ್ಕೆ.
ಬಂದದ್ದು ಬರೀ ಕೈ.

ಹಿಟ್ಟು ಹುಚ್ಚೆದ್ದು ಉಬ್ಬಿತು,
ಸೌದೆ ತರಲು ಹೋಗಿ ಬರುವಷ್ಟರಲ್ಲಿ ಕುಸಿದು ಕೂತಿತ್ತು.
ಒಲೆಯ ಗೋಡೆಗೆ ಬಡಿದ ರೊಟ್ಟಿ
ಒಂದೊಂದೇ ಕಳಚಿ ಕೆಂಡಕ್ಕೆ ಬಿತ್ತು.
ನೀರಿಗೂ ಇಲ್ಲಿ ಅವಸರ, ಬಿಸಿಯೇರುವ ಮೊದಲೇ ಕುದಿ,
ಬಾಯಿಮಾತಿನ ಕುದಿ!
ಮಧ್ಯಾಹ್ನವಿಡೀ ಬೇಯಿಸಿದರೂ ಕಾಳು ಹಲ್ಲಿಗೆ ಕಲ್ಲು.
ಓಣಿಯ ತಿರುವಿನಲ್ಲಿ, ಯೋಚಿಸದೆ, ಕಡಲ ಕಡೆಗೆ ಹೊರಳಿದರೆ
ಹಿಮ ಹೊತ್ತ ಗೋಡೆಯೊಂದು ಮೂಗಿಗೆ ಬಡಿಯುವಂತೆ ನಿಂತಿತ್ತು.
ಅತ್ತೆ ನಾಜಿಬ್ರೋಲಾ
ಕರಿಕಾದ ರೊಟ್ಟಿ ಹೆಕ್ಕಿ ಹಂದಿಗೆ ಹಾಕಿದಳು.
ಏನೂ ಅನ್ನಲಿಲ್ಲ. ಹಂದಿಯೂ ಅನ್ನಲಿಲ್ಲ.

ಅವಳಿಗೆ ಕಿವಿಯಿತ್ತು.
ಒಂದು ಮಾರ್ಚ್ ರಾತ್ರಿ, ಗಾಳಿಯಿಲ್ಲ, ನಾಯಿ ಬೊಗಳಿಲ್ಲ,
ಧಡಕ್ಕನೆ ಎದ್ದು ಕೂತು, ಬೂಟು, ಅಂದಳು.
ಬೂಟು ಅಂದರೆ ಬೂಟು.
ಯಾಕೆಂದು ಕೇಳುವ ಮನೆಯಲ್ಲ ಅದು.
ಕೂಸುಗಳನ್ನು ಕಂಕುಳಲ್ಲಿ ಇರುಕಿಕೊಂಡು
ಹಳೆಯ ಕಲ್ಲಿನ ಗೋಪುರ ಹತ್ತಿ ಏಣಿ ಮೇಲೆಳೆದುಕೊಂಡೆವು.
ಏದುಸಿರು ಇನ್ನೂ ಇಳಿದಿರಲಿಲ್ಲ,
ಬೆಟ್ಟ ಬೆಳ್ಳಗೆ ಜಾರಿ ಬಂದು
ಕೊಟ್ಟಿಗೆಯನ್ನು ದನದ ಸಮೇತ ಒಯ್ದಿತು.
ಏನು ಕೇಳಿಸಿತು? ಅಂದೆ ಬೆಳಿಗ್ಗೆ.
ದೂರದಲ್ಲಿ ಯಾರೋ ಮಂಚ ಎಳೆದ ಹಾಗೆ, ಅಂದಳು,
ಸತ್ತ ಆಕಳ ಕೊರಳ ಹಗ್ಗ ಬಿಚ್ಚುತ್ತ.

ಮುಂದೆ ಯಾವಾಗಲೋ,
ಇಂಥ ದಿನವೆಂದು ನೆನಪಿಲ್ಲ,
ರೊಟ್ಟಿ ಗೋಡೆ ಕಚ್ಚಿಕೊಂಡು ಉಳಿಯಿತು.
ಹಂದಿ ಬಡವಾಯಿತು.

ಒಂಬತ್ತನೆಯ ವರ್ಷ ಅವಳ ಎಡಗಣ್ಣಿಗೆ ಪೊರೆ.
ಬತುಮಿಗೆ ಕರೆದೊಯ್ದೆ. ಕಡಲ ಎದುರಿನ ಆಸ್ಪತ್ರೆ,
ವಾರ್ಡಿನಲ್ಲಿ ಆರು ಹೆಂಗಸರು, ಒಬ್ಬಳ ಮಗ್ಗುಲಲ್ಲಿ ಪುಟ್ಟ ಮಗು,
ಅವಳ ಮಂಚದ ಕೆಳಗೆ ನನ್ನ ಚಾಪೆ.
ಮೂರನೆಯ ರಾತ್ರಿ ಕಡಲು ಕೆರಳಿತು.
ನಮ್ಮದು ಮರಳ ದಂಡೆಯಲ್ಲ, ಬೆಣಚುಕಲ್ಲಿನದು;
ಅಲೆ ಹಿಂದೆ ಸರಿವಾಗಲೆಲ್ಲ
ಊರಿನಷ್ಟು ಉದ್ದಕ್ಕೆ ಕಲ್ಲು ಎಳೆದೊಯ್ಯುತ್ತದೆ,
ಯಾರೋ ಮಂಚ ಎಳೆದ ಹಾಗೆ.

ಬೂಟು!
ಒಂದು ಕಣ್ಣಿಗೆ ಬಿಳಿಯ ಪಟ್ಟಿ, ಮೈಮೇಲೆ ಆಸ್ಪತ್ರೆಯ ಅಂಗಿ,
ಆರಡಿ ಅಜ್ಜಿ ಕತ್ತಲಲ್ಲಿ ನಿಂತು ವಾರ್ಡನ್ನೇ ಎಬ್ಬಿಸಿದಳು.
ಪಕ್ಕದವಳ ಗ್ಲೂಕೋಸ್ ನಳಿಗೆ ಕಿತ್ತು ಮೆಟ್ಟಿಲಿಗೆ ದಬ್ಬಿದಳು,
ಮೇಲಕ್ಕೆ, ಮೇಲಕ್ಕೆ, ಎಂದು ನರ್ಸಿನ ಜಡೆ ಹಿಡಿದೆಳೆದಳು.
ದೀಪ ಹತ್ತಿತು. ನಗು ಹತ್ತಿತು.
ಅಯ್ಯೋ ಅಜ್ಜಿ, ಅದು ಕಡಲು! ಬರೀ ಕಡಲು!
ಬೆಳಗಿನವರೆಗೂ ನಕ್ಕರು, ಒಬ್ಬರನ್ನು ನೋಡಿ ಇನ್ನೊಬ್ಬರು.

ಮೆಟ್ಟಿಲ ಮೇಲೆ ಕುಕ್ಕರಿಸಿ
ಉಳಿದ ಒಂದು ಕಣ್ಣನ್ನು ನೆಲಕ್ಕೆ ಇಳಿಸಿ ಕೇಳಿದಳು:
ನನ್ನ ಕಿವಿ ಕೆಟ್ಟಿತೇನೇ, ತ್ಸಿಯಾಲಾ?

ಹೇಳಬಹುದಿತ್ತು.
ಈ ಸದ್ದಿನೊಳಗೇ ಹುಟ್ಟಿದವಳು,
ಇದಿಲ್ಲದೆ ನಿದ್ದೆ ಬಾರದೆ ಬೆಳೆದವಳು,
ಇದು ಅಲೆ, ಇದು ಕಲ್ಲು, ಹೆದರಬೇಡ ಎಂದು.
ಆದರೆ ನಾನೂ ಅಲ್ಲೇ ಇದ್ದೆ,
ಅವಳಿಗಿಂತ ಒಂದು ಅಂತಸ್ತು ಮೇಲೆ,
ಕಂಕುಳಲ್ಲಿ ಆ ಮಗು,
ಕಾಲಲ್ಲಿ ಬೂಟು.
ದಾರ ಕೂಡ ಕಟ್ಟಿದ್ದೆ.